ಮಾವನ ಹಳೇ ಸ್ಟೀಲ್ ಸೈಕಲ್‌ಗೆ ಯಾವ ಸೈಜಿನ ಸೀಟ್ ಪೋಸ್ಟ್?

ಪ್ರಶ್ನೆ: ಅಣ್ಣ, ನಮ್ಮ ಸೋದರಮಾವ 80ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದ ರೋಡ್ ಸೈಕಲ್ ಈಗ ನನ್ನ ಹತ್ತಿರ ಇದೆ. ಫ್ರೇಮ್ ಮೇಲೆ ರೆನಾಲ್ಡ್ಸ್ 531 ಬಟೆಡ್ ಅನ್ನೋ ಸ್ಟಿಕ್ಕರ್, ಅಂದ್ರೆ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇಲ್ಲದ ರೆನಾಲ್ಡ್ಸ್ ಕಂಪನಿಯ ಸ್ಟೀಲ್ ಪೈಪು. ಸೀಟನ್ನು ಹೊತ್ತು ಫ್ರೇಮಿನ ಪೈಪಿನೊಳಗೆ ಇಳಿಯೋ ಸೀಟ್ ಪೋಸ್ಟ್ ಮೇಲೆ 26.4 (ಮಿ.ಮೀ.) ಅಂತ ಅಚ್ಚಾಗಿದೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಪೀಣ್ಯದಿಂದ ಯಶವಂತಪುರ ತಲುಪೋ ಹೊತ್ತಿಗೆ ಸೀಟು ಎರಡು ಬೆರಳು ಇಳಿದಿರುತ್ತೆ. ಪೈಪಿನ ಬಾಯಿಗೆ ಕ್ಯಾಲಿಪರ್ ಹಿಡಿದರೆ 26.6 ಬರುತ್ತೆ. ಅದನ್ನೇ ತರಿಸಲಾ? ಅಂಗಡಿಯವರು ತಗಡು ಸುತ್ತಿ ಹಾಕು ಅಂತಾರೆ.

ಉತ್ತರ: ತಗಡು ಬೇಡ. 26.6 ಕೂಡ ಈಗಲೇ ತರಿಸಬೇಡಿ. ಬಾಯಿಯ ಅಳತೆ ನಂಬೋ ಹಾಗಿಲ್ಲ, ಯಾಕಂದ್ರೆ ಸಣ್ಣ ಪೋಸ್ಟ್ ಹಾಕಿ ವರ್ಷಗಟ್ಟಲೆ ಬೋಲ್ಟ್ ಬಿಗಿ ಮಾಡಿದರೆ ಬಾಯಿ ಒಳಕ್ಕೆ ಮುದುಡುತ್ತದೆ. ಪೈಪಿನ ಬಾಯಲ್ಲಿ ಹಿಂದುಗಡೆ ಇರೋ ಸೀಳು ನೋಡಿ. ಅದರ ಎರಡು ಅಂಚು ಸಮ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲ ಇದ್ದರೆ ಮುದುಡಿದೆ ಅಂತಲೇ ಅರ್ಥ.

ಮೊದಲು ಪೈಪಿನ ಹೊರ ಅಳತೆ ತಗೊಳ್ಳಿ. 28.6 ಮಿ.ಮೀ. ಆಸುಪಾಸು ಬಂದರೆ ಇಂಗ್ಲಿಷ್ ಅಳತೆಯ ಪೈಪು, 28 ಬಂದರೆ ಹಳೇ ಫ್ರೆಂಚ್ ಅಳತೆ. ಬಟೆಡ್ 531ರಲ್ಲಿ ಮೇಲ್ತುದಿಯ ದಪ್ಪ ಸಾಮಾನ್ಯವಾಗಿ 0.6. ಎರಡೂ ಕಡೆ ಸೇರಿ 1.2 ಕಳೆದರೆ ಒಳಗೆ 27.4 ಉಳಿಯುತ್ತದೆ, ಅದಕ್ಕೆ 27.2 ಪೋಸ್ಟ್ ಕೂರುತ್ತದೆ. ನನ್ನ ಅನುಮಾನ ಅದೇ. ಆದರೆ ಲೆಕ್ಕ ನಂಬಿ ದುಡ್ಡು ಹಾಕಬೇಡಿ, ಸೀಳು ಮುಗಿಯೋ ಜಾಗಕ್ಕಿಂತ ಕೆಳಗೆ ಅಳೆಸಿ. ಕ್ಯಾಲಿಪರ್ ಅಷ್ಟು ಆಳಕ್ಕೆ ಹೋಗಲ್ಲ, ಪೈಪಿನೊಳಗೆ ಹಿಗ್ಗಿ ಒಳ ಅಳತೆ ಹಿಡಿಯೋ ಟೆಲಿಸ್ಕೋಪಿಕ್ ಗೇಜ್ ಬೇಕು. ನೀವು ಪೀಣ್ಯದಲ್ಲೇ ಇದ್ದೀರಲ್ವಾ, ಲೇತ್ ಶಾಪಿನಲ್ಲಿ ಕೇಳಿ. ಹಿಂದೆ ಮುಂದೆ ಒಂದ್ಸಲ, ಅಡ್ಡಡ್ಡ ಒಂದ್ಸಲ ಅಳೆಸಿ.

ಈ ಪೋಸ್ಟ್‌ಗಳು 0.2 ಲೆಕ್ಕದಲ್ಲಿ ಬರುತ್ತವೆ. 0.2 ಅಂದ್ರೆ ಏನು ಮಹಾ ಅನ್ನಿಸಬಹುದು, ಆದರೆ ಅಷ್ಟು ವ್ಯತ್ಯಾಸಕ್ಕೇ ಸೀಟು ಜಾರುತ್ತದೆ, ಇನ್ನೂ ಬಿಗಿ ಮಾಡ್ತಾ ಹೋದರೆ ಸೀಳಿನ ಬುಡದಲ್ಲಿ ಫ್ರೇಮ್ ಬಿರುಕು ಬಿಡುತ್ತದೆ. ಅಲ್ಲಿ ಕೂದಲೆಳೆಯಂಥ ಗೆರೆ ಏನಾದರೂ ಇದೆಯಾ, ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಾಕಿ ನೋಡಿ.

ಪ್ರಶ್ನೆ: ಅಳೆಸಿದೆ ಅಣ್ಣ. ಹೊರಗೆ 28.7, ಒಳಗೆ ಎರಡೂ ಕಡೆ 27.3. ಬಿರುಕಿಲ್ಲ. ಆದರೆ ಸ್ನೇಹಿತನ 27.2 ಪೋಸ್ಟ್ ಬಾಯಲ್ಲೇ ನಿಲ್ತಿದೆ. ಸುತ್ತಿಗೆಯಲ್ಲಿ ತಟ್ಟಲಾ?

ಉತ್ತರ: ಖಂಡಿತ ಬೇಡ! 28.7 ಅಂದ್ರೆ ಬಣ್ಣ ಸೇರಿ ಅಷ್ಟು, ನಿಮ್ಮದು 27.2 ಫ್ರೇಮೇ. ಬೋಲ್ಟ್ ಪೂರ್ತಿ ತೆಗೆದು, ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸಿ ಅಂಚುಗಳನ್ನು ಸಮ ಮಾಡಿ. ಸ್ಟೀಲ್ ಆದ್ದರಿಂದ ಬಗ್ಗುತ್ತದೆ, ಅವಸರ ಮಾತ್ರ ಮಾಡಬೇಡಿ. ಒಳಗಿನ ತುಕ್ಕು ಸ್ಯಾಂಡ್ ಪೇಪರಲ್ಲಿ ಉಜ್ಜಿ, ಗ್ರೀಸ್ ಹಚ್ಚಿ. ಗ್ರೀಸ್ ಇಲ್ಲದೆ ಹಾಕಿದರೆ ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಪೈಪಿಗೆ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ತೆಗೆಯೋದು ದೊಡ್ಡ ಪಾಡು. ಪೋಸ್ಟ್ ಕನಿಷ್ಠ ಎಷ್ಟು ಇಳಿಯಬೇಕು ಅಂತ ಅದರ ಮೇಲೆ ತೋರಿಸಿರೋ ಮಿನಿಮಮ್ ಗೆರೆ ಪೈಪಿನೊಳಗೇ ಇರಲಿ.

ಪ್ರಶ್ನೆ: ಕೈಯಲ್ಲೇ ಇಳೀತು ಅಣ್ಣ! ನಾಳೆ ನಂದೇ ಒಂದು 27.2 ತರ್ತೀನಿ.