ಅಪ್‌ಡೇಟ್: ಮಾವಿನ ಮರದ ಮೇಲೆ ಮಕ್ಕಳ ಅಟ್ಟ ಎದ್ದಿದೆ

ಹಳೆ ಮನೆ ಬಿಚ್ಚಿದ ಮರಮಟ್ಟಿನಿಂದ ಅಂಕೋಲಾದ ನಮ್ಮ ಹಿತ್ತಲಲ್ಲಿ ಮಕ್ಕಳ ಜೊತೆ ಅಟ್ಟ ಕಟ್ಟಬಹುದಾ, ಮಾವಿನ ಮರಕ್ಕೆ ಪೆಟ್ಟಾಗುತ್ತದಾ ಅಂತ ಕೇಳಿದ್ದೆ. ಕಟ್ಟಿ ಮುಗಿಯಿತು! ಹೇಳಿಕೊಟ್ಟ ಎಲ್ಲರಿಗೂ ಧನ್ಯವಾದ.

ಮರಕ್ಕೆ ಹಗ್ಗ ಬಿಗಿಯಬೇಡಿ ಅಂದಿದ್ದಿರಲ್ಲ, ಅದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಕಾಂಡ ದಪ್ಪ ಆಗುತ್ತಾ ಹೋದಂತೆ ಹಗ್ಗ ತೊಗಟೆಗೆ ಕಚ್ಚುತ್ತದೆ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ ಅಲ್ವಾ, ಅದು ಕಟ್ಟಾದರೆ ಮರ ಸೊರಗುತ್ತದೆ. ಹಾಗಾಗಿ ಹಗ್ಗ ಬಿಟ್ಟು, ಸುಮ್ನೆ ಹತ್ತಾರು ಮೊಳೆಯನ್ನೂ ಹೊಡೆಯದೆ, ತೊಲೆಯ ಒಂದು ತುದಿಯನ್ನು ಒಂದೇ ದಪ್ಪ ಬೋಲ್ಟ್ ಹಾಕಿ ಕಾಂಡಕ್ಕೆ ಕೂರಿಸಿದೆವು. ತೊಲೆಯ ಇನ್ನೊಂದು ತುದಿ ಕಂಬದ ಮೇಲಿದೆ. ಅಲ್ಲಿ ಬೋಲ್ಟಿನ ತೂತನ್ನು ಉದ್ದಕ್ಕೆ ಕೊರೆದಿದ್ದೇವೆ, ಗಾಳಿಗೆ ಮರ ತೂಗಿದಾಗ ತೊಲೆ ಸ್ವಲ್ಪ ಜಾರಬೇಕು. ಹಲಗೆಗೂ ಕಾಂಡಕ್ಕೂ ನಡುವೆ 2 ಇಂಚು ಜಾಗ ಬಿಟ್ಟಿದ್ದೇವೆ.

ಮೊಳೆ ಕೀಳುವ ಕೆಲಸ ಮಗಳದ್ದು. ಮಗ ಪ್ರತಿ ಹಲಗೆಗೂ ಸ್ಕ್ರೂಡ್ರೈವರ್ ಚುಚ್ಚಿ ಗೆದ್ದಲು ತಿಂದ ಜಾಗ ಹುಡುಕಿದ, ಮೆತ್ತಗಿದ್ದದ್ದೆಲ್ಲ ಬಚ್ಚಲೊಲೆಗೆ ಹೋಯಿತು. ಗೆದ್ದಲು ಹಿಡಿಯದಂತೆ ಮರಕ್ಕೆ ಬಳಿಯುವ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಮಾತ್ರ ನಾನೇ ಬಳಿದೆ, ಅದು ಚರ್ಮ ಸುಡುತ್ತದೆ, ಮಕ್ಕಳ ಕೈಗೆ ಕೊಡಲೇಬೇಡಿ.

ಮಾಡಿಗೆ ಹಂಚು ಬೇಡ ಅನ್ನಿಸಿತು. ಭಾರ ಜಾಸ್ತಿ, ಜಾರಿದರೆ ಕೆಳಗಿದ್ದವರ ತಲೆ ಮೇಲೇ ಬೀಳುತ್ತದೆ. ಸೋಗೆ ಹೊದೆಸಿದ್ದೇವೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಏಣಿ ತೆಗೆದಿಡುತ್ತೇವೆ, ಮಕ್ಕಳು ಒಪ್ಪಿದ್ದಾರೆ.

ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗೆ ಔಷಧಿ ಹೊಡೆಯದೆ ಏನಾದರೂ ಉಪಾಯ ಇದ್ದರೆ ಹೇಳಿ.