ಎರಡು ಔಷಧಿಗೂ ಜಗ್ಗದ ಖಿನ್ನತೆ: ಮುದ್ದೆ ಬಿಟ್ಟು ಕೀಟೋ ಮಾಡಬಹುದಾ?

ಮದ್ದೂರು_ಸೀಮೆ: ಅಕ್ಕನಿಗೆ 41. ಎಸ್ಸಿಟಲೋಪ್ರಾಮ್ ಆಯ್ತು, ವೆನ್ಲಾಫ್ಯಾಕ್ಸಿನ್ ಆಯ್ತು, ಈಗ ಅದರ ಜೊತೆ ಲಿಥಿಯಂ ಸೇರಿಸಿದ್ದಾರೆ. ಸಸ್ಯಾಹಾರಿ, ಶುಗರ್‌ಗೆ ಮೆಟ್‌ಫಾರ್ಮಿನ್. ಕೀಟೋ (ಪಿಷ್ಟ, ಸಕ್ಕರೆ ತೀರಾ ಕಮ್ಮಿ, ಕೊಬ್ಬು ಜಾಸ್ತಿ ತಿನ್ನೋ ಪಥ್ಯ) ಮಾಡಿದ್ರೆ ಖಿನ್ನತೆ ಹೋಗುತ್ತೆ ಅಂತ ವಿಡಿಯೊ ನೋಡಿ ಸೋಮವಾರದಿಂದ ಅನ್ನ, ಮುದ್ದೆ ಬಂದ್ ಅಂತಾಳೆ. ಸರೀನಾ?

ಪಥ್ಯ_ಮೈಸೂರು: ಲಿಥಿಯಂ ಇರುವಾಗ ಸೋಮವಾರದಿಂದ ಖಂಡಿತ ಬೇಡ. ಕಾರ್ಬ್ (ಪಿಷ್ಟ, ಸಕ್ಕರೆ) ಒಮ್ಮೆಲೇ ನಿಲ್ಲಿಸಿದ್ರೆ ಮೊದಲ ವಾರ ಮೂತ್ರದಲ್ಲಿ ನೀರೂ ಉಪ್ಪೂ ಜಾಸ್ತಿ ಹೋಗುತ್ತೆ. ಉಪ್ಪು ಕಮ್ಮಿಯಾದಾಗ ಕಿಡ್ನಿ ಲಿಥಿಯಂ ಹೊರಗೆ ಹಾಕದೆ ಹಿಡಿದಿಟ್ಟುಕೊಳ್ಳುತ್ತೆ, ರಕ್ತದಲ್ಲಿ ಮಟ್ಟ ಏರುತ್ತೆ. ಕೈ ನಡುಕ ಜೋರಾಗೋದು, ವಾಂತಿ ಭೇದಿ, ಮಾತು ತೊದಲೋದು, ನಡೆಯುವಾಗ ತೂರಾಡೋದು ಕಂಡರೆ ಮುಂದಿನ ಮಾತ್ರೆ ಕೊಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಲೆಕ್ಕ. 100 ಗ್ರಾಂ ರಾಗಿ ಹಿಟ್ಟಲ್ಲಿ ಕಾರ್ಬ್ ಸುಮಾರು 70 ಗ್ರಾಂ. ಕೀಟೋದಲ್ಲಿ ಇಡೀ ದಿನಕ್ಕೆ 20ರಿಂದ 50. ಅರ್ಧ ಮುದ್ದೆ ಉಂಡು ಕೀಟೋ ಅನ್ನೋದು ಬರೀ ಅರೆಹೊಟ್ಟೆ.

ಕಾಳುಸಾರು: ಕೀಟೋ 1921ರಲ್ಲಿ ಬಂದದ್ದೇ ಮೂರ್ಛೆರೋಗಕ್ಕೆ. ಖಿನ್ನತೆಗೆ ಅದರ ಪುರಾವೆ ಇನ್ನೂ ತೆಳು. ಅದರ ಬದಲು, ಕೀಟೋ ಅಲ್ಲದ ಊಟದ ಮೇಲೆ ನಡೆದ ಆಸ್ಟ್ರೇಲಿಯಾದ ಸ್ಮೈಲ್ಸ್ ಪ್ರಯೋಗ (2017) ನೋಡಿ: 67 ಜನ, 12 ವಾರ. ಆಹಾರ ಸಲಹೆ ಸಿಕ್ಕವರಲ್ಲಿ ಶೇ. 32, ಬರೀ ಒಡನಾಟ ಸಿಕ್ಕವರಲ್ಲಿ ಶೇ. 8 ಮಂದಿಯ ಖಿನ್ನತೆ ಇಳಿದು ಹೋಯಿತು. ಪ್ರಯೋಗ ಚಿಕ್ಕದು, ಹೆಚ್ಚಿನವರು ಔಷಧಿ ಅಥವಾ ಆಪ್ತಸಮಾಲೋಚನೆಯನ್ನೂ ಬಿಟ್ಟಿರಲಿಲ್ಲ. ಅಲ್ಲಿನ ತಟ್ಟೆಯಲ್ಲಿದ್ದದ್ದು ಕಾಳು, ತರಕಾರಿ, ಇಡೀ ಧಾನ್ಯ, ಮೀನು, ಆಲಿವ್ ಎಣ್ಣೆ. ನಮ್ಮ ಕಡೆ ಬಸ್ಸಾರು ಮಾಡೋ ಮನೇಲಿ ಮುಕ್ಕಾಲು ಭಾಗ ಇದ್ದೇ ಇದೆ! ಮುದ್ದೆ ಸಣ್ಣದು ಮಾಡಿ, ಬಸಿದ ಸೊಪ್ಪು-ಕಾಳಿನ ಪಲ್ಯ ಒಂದೂವರೆ ಬಟ್ಟಲು ಬಡಿಸಿ. ಸಂಜೆ ಬಿಸ್ಕತ್ತಿನ ಬದಲು 30 ಗ್ರಾಂ ಕಡಲೆಕಾಯಿಬೀಜ. ಉಪ್ಪು ಎಂದಿನಷ್ಟೇ ಇರಲಿ.

ಲ್ಯಾಬ್_ಮಂಡ್ಯ: ಸಸ್ಯಾಹಾರಕ್ಕೆ ಮೆಟ್‌ಫಾರ್ಮಿನ್ ಸೇರಿದರೆ ಬಿ12 ಕೊರತೆಯ ಸಂಭವ ಹೆಚ್ಚು, ಅದರಿಂದಲೂ ಮನಸ್ಸು ಕುಗ್ಗುತ್ತೆ. ಬಿ12 ಮಾತ್ರೆ ಶುರುಮಾಡೋ ಮೊದಲೇ ರಕ್ತ ಕೊಡಿ, ಇಲ್ಲಾಂದ್ರೆ ಕೊರತೆ ರಿಪೋರ್ಟಲ್ಲಿ ಮುಚ್ಚಿಹೋಗುತ್ತೆ. ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ; ಲಿಥಿಯಂ ಥೈರಾಯ್ಡ್ ಕುಗ್ಗಿಸಬಲ್ಲದು), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಪರೀಕ್ಷೆ). ಲಿಥಿಯಂ ಮಟ್ಟಕ್ಕೆ ರಕ್ತ ತೆಗೆಯೋದು ಕೊನೇ ಮಾತ್ರೆಯಾಗಿ 12 ಗಂಟೆಗೆ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ.

ಸಾಯೋ ಮಾತು ಬಂದರೆ ಪಥ್ಯದ ಚರ್ಚೆ ಬಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಮದ್ದೂರು_ಸೀಮೆ: ಸರಿ, ಮೊದಲು ರಕ್ತ ಪರೀಕ್ಷೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡೀತಾಳೆ, ಅದನ್ನಾದರೂ ಬಿಡಿಸಲಾ?

ಪಥ್ಯ_ಮೈಸೂರು: ದಿಢೀರನೆ ಬೇಡ. ಕಾಫಿ ಲಿಥಿಯಂನ ಮೂತ್ರದಲ್ಲಿ ಹೊರಗೆ ತಳ್ಳುತ್ತೆ, ಒಮ್ಮೆಲೇ ಬಿಟ್ಟರೂ ಮಟ್ಟ ಏರುತ್ತೆ. ಡಾಕ್ಟರಿಗೆ ಹೇಳಿ ವಾರಕ್ಕೊಂದು ಲೋಟದಂತೆ ಇಳಿಸಿ.