ಬ್ರೇಕ್ ಬ್ರ್ಯಾಕೆಟ್ ಬೋಲ್ಟ್ ಜಾಮ್ ಆಗ್ಯಾದ, ಬಿಚ್ಚೋದು ಹ್ಯಾಂಗ?

ಎರಿಮಣ್ಣು, ಜೇವರ್ಗಿ: ಹಳೇ ವ್ಯಾಗನ್‌ಆರ್. ಮುಂದಿನ ಡಿಸ್ಕ್ ನಾನೇ ಬದಲಿಸ್ಬೇಕಂತ ಅಂಗಳದಾಗ ಜಾಕ್ ಹಚ್ಚೀನಿ. ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರ್ ಸಲೀಸ ಬಂತು. ಅದರ ಬ್ರ್ಯಾಕೆಟ್ ಹಿಡದ ಎರಡು ದೊಡ್ಡ ಬೋಲ್ಟಿನಾಗ ಮ್ಯಾಲಿಂದು ಬಂತು, ತೆಳಗಿಂದು ಅಲ್ಲಾಡವಲ್ದು. 17 ನಂಬರ್ ರಿಂಗ್ ಪಾನಾಕ್ಕ ಪೈಪ್ ಹಾಕಿ ಒತ್ತಿದ್ರ ಪಾನಾ ಜಾರಿ ತಲಿ ಮೂಲಿ ಸವೀಲಾಕತ್ಯಾವ. ಏನ್ ಮಾಡ್ಲಿ?

ಶಹಾಬಾದ್ ಕಲ್ಲು: ಗ್ಯಾಸ್ ಟಾರ್ಚ್ ಹಚ್ಚಿ ಕೆಂಪಗ ಆಗೋತನ ಕಾಸ್ರಿ, ತಾನೇ ಬರ್ತದ. ಗ್ಯಾರೇಜಿನಾಗ ಎಲ್ಲಾರೂ ಇದೇ ಮಾಡ್ತಾರ.

ಕೋಟಿ ಬಾಗಿಲು, ಬೀದರ್: ಅಣ್ಣಾರ, ಗ್ಯಾರೇಜಿನಾಗ ಕೈ ಪಳಗಿದವ ಕಾಸ್ತಾನ, ಇವರು ಅಂಗಳದಾಗ ಕುಂತಾರ. ಪಕ್ಕದಾಗೇ ಬಾಲ್ ಜಾಯಿಂಟಿನ ರಬ್ಬರ್ ಬೂಟ್, ಬ್ರೇಕಿನ ಹೋಸ್ ಪೈಪ್, ಒಳಗ ಬೇರಿಂಗಿನ ಗ್ರೀಸ್. ಮ್ಯಾಲ ಬ್ರೇಕ್ ಕ್ಲೀನರ್ ಹೊಡದಿದ್ರಂತೂ ಬೆಂಕಿ ಹತ್ರ ತರಬ್ಯಾಡ್ರಿ. ಕೆಲವು ಹೊತ್ತಿ ಉರೀತಾವ, ಕ್ಲೋರಿನ್ ಇದ್ದವು ಕಾದ್ರ ಫಾಸ್ಜೀನ್ ಅನ್ನೋ ವಿಷದ ಗ್ಯಾಸ್ ಆಗ್ತದ.

ಸಗರ ನಾಡು, ಶಹಾಪುರ: ತಿರುಗಿಸೋ ದಿಕ್ಕು ಸರಿ ಅದ ಇಲ್ಲೋ ನೋಡ್ರಿ. ಬೋಲ್ಟಿನ ತಲಿ ಚಕ್ರದ ಹಿಂದ ಇರ್ತದ, ಮುಂದ ಕುಂತು ಕೈ ಹಾಕಿದ್ರ ಎಡ ಬಲ ಉಲ್ಟಾ.

ಎರಿಮಣ್ಣು: ಮ್ಯಾಲಿಂದು ಬಂತಲ್ರಿ ಸಾಹೇಬ್ರ, ಇದಕ್ಕೇನು ಬ್ಯಾರೆ ದಿಕ್ಕು ಇರ್ತದೇನು? ಡಬ್ಲ್ಯೂಡಿ-40 ಹೊಡದೀನಿ, ಏನೂ ಆಗ್ಲಿಲ್ಲ.

ಕೋಟಿ ಬಾಗಿಲು: ಅದು 1953ರಾಗ ನೀರಿನ ತೇವ ದೂರ ಇಡ್ಲಾಕ ಮಾಡಿದ ಮಾಲು. ಬಾಗಿಲ ಕೀಲಿಗಿ ಛಲೋ. ಜಂಗ್ ಬಿಡಸ್ಲಾಕ ಅಂತಲೇ ಪೆನಿಟ್ರೇಟಿಂಗ್ ಆಯಿಲ್ ಬ್ಯಾರೆ ಸಿಗ್ತದ, ಅದನ್ನ ತರ್ರಿ. ಮೊದಲು ತಂತಿ ಬ್ರಷ್‌ಲೆ ಮಣ್ಣು ಕೆರೀರಿ. ನಮ್ಮ ಕಡೆ ಕರಿ ಮಣ್ಣು ಚಕ್ರದ ಒಳಗ ಒಮ್ಮೆ ಮೆತ್ತಿಕೊಂಡ್ರ ತಿಂಗಳುಗಟ್ಲೆ ತೇವ ಹಿಡಕೊಂಡು ಕುಂದರ್ತದ. ತೆಳಗಿನ ಬೋಲ್ಟೇ ಕಚ್ಕೊಂಡಿದ್ದು ಅದಕ್ಕೇ. ಜಂಗು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿಂತದ, ಆಟಿ (ಬೋಲ್ಟಿನ ಸುತ್ತು ಗೆರಿ) ನಡುವ ಬೆಣಿ ಬಡದಂಗ. ಎಣ್ಣಿ ಹಾಕಿ ರಾತ್ರಿ ಬಿಡ್ರಿ, ನಡುವ ಬೋಲ್ಟಿನ ತಲಿ ಮ್ಯಾಲ ನೆಟ್ಟಗ ಸುತ್ತಿಗಿಲೆ ಬಡೀರಿ. ಆ ಅದುರಿಗೇ ಜಂಗು ಬಿರುಕು ಬಿಡ್ತದ, ಎಣ್ಣಿ ಒಳಗ ಇಳೀತದ.

ಶಹಾಬಾದ್ ಕಲ್ಲು: ರಾತ್ರಿ ಎಲ್ಲಾ ಕಾಯ್ರಿ ಅಂದ್ರ ಇವರು ಮುಂಜಾನೆ ಕೆಲಸಕ್ಕ ಹ್ಯಾಂಗ ಹೋಗ್ಬೇಕು? 12 ಮಿ.ಮೀ. ಬೋಲ್ಟು 200 ಡಿಗ್ರಿ ಕಾದ್ರ ಸುಮಾರು 0.03 ಮಿ.ಮೀ. ಹಿಗ್ಗತದ, ಜಂಗು ಒಡೀಲಾಕ ಅಷ್ಟೇ ಸಾಕು.

ಕೋಟಿ ಬಾಗಿಲು: ಲೆಕ್ಕ ಖರೇ. ಆದ್ರ ಅಷ್ಟಕ್ಕ ಕೆಂಪಗ ಆಗೋದು ಯಾಕ ಬೇಕು? ಕೆಂಪಗ ಆದ ಬೋಲ್ಟಿನ ಗಟ್ಟಿತನ ಹೋಯ್ತು, ಅದು ಮತ್ತ ಬ್ರೇಕಿಗಿ ಬರಂಗಿಲ್ಲ.

ಮಳಖೇಡದ ಮಿಸ್ತ್ರಿ: ಇಬ್ರೂ ಬೆಂಕಿ ಹಿಡಕೊಂಡು ಕುಂತೀರಿ, ಪಾನಾದ ಕಡೆ ಯಾರೂ ನೋಡವಲ್ರಿ. ರಿಂಗ್ ಪಾನಾಕ್ಕ ಹನ್ನೆರಡು ಮೂಲಿ, ಅದು ಬೋಲ್ಟಿನ ತುದಿ ತುದಿ ಅಷ್ಟೇ ಹಿಡೀತದ. ಅದಕ್ಕ ಪೈಪ್ ಹಾಕಿದ್ರ ಮೂಲಿ ಹಾರೋದೇ. ತಮ್ಮಾ, ಪೈಪ್ ತೆಗದಿಡು. ಆರು ಮೂಲಿ ಸಾಕೆಟ್ ತಾ, ತಲಿ ಮ್ಯಾಲ ಬಡದು ಕುಂದರಿಸು. ಮೊದಲು ಒಂಚೂರು ಬಿಗಿ ಮಾಡು, ಆಮ್ಯಾಲ ಉದ್ದನ ಹ್ಯಾಂಡಲ್ ಹಾಕಿ ಬಿಚ್ಚು. ಟಕ್ ಅಂತ ಸಪ್ಪಳಾದ್ರ ಬಿಟ್ಟದಂತ ತಿಳಿ. ಹಂಗೇ ಸರ್ರನೆ ತಿರುವಬ್ಯಾಡ, ಅರ್ಧ ಸುತ್ತು ಬಿಚ್ಚು, ಪಾವು ಸುತ್ತು ಬಿಗಿ ಮಾಡು, ಮತ್ತ ಎಣ್ಣಿ ಬಿಡು. ಗಾಡಿ ಬರೇ ಜಾಕ್ ಮ್ಯಾಲ ಅದ ಏನು? ಸ್ಟ್ಯಾಂಡ್ ಇಲ್ದ ಹ್ಯಾಂಡಲ್ ಜಗ್ಗಬ್ಯಾಡ, ಗಾಡಿ ಮೈಮ್ಯಾಲ ಬರ್ತದ.

ಸಗರ ನಾಡು: ಮೂಲಿ ಪೂರಾ ಹೋಗಿದ್ರ?

ಮಳಖೇಡದ ಮಿಸ್ತ್ರಿ: ತಲಿಗಿ ಒಂದು ನಟ್ ಇಟ್ಟು ವೆಲ್ಡಿಂಗ್ ಮಾಡ್ಸು. ಹಿಡೀಲಾಕ ಹೊಸ ತಲಿ, ಬೋಲ್ಟಿಗಿ ಕಾವು, ಎರಡೂ ಸಿಕ್ಕಂಗಾತು. ಬ್ಯಾಟರಿ ವೈರ್ ಮೊದಲು ಬಿಚ್ಚಿರ್ಬೇಕು. ಡ್ರಿಲ್ ಹೊಡದು ಎಕ್ಸ್‌ಟ್ರ್ಯಾಕ್ಟರ್ (ಕಚ್ಚಿದ ಬೋಲ್ಟ್ ಒಳಗಿಂದ ಹಿಡದು ತಿರುವಿ ತೆಗಿಯೋ ಸಾಧನ) ಹಾಕೋದು ಕಡೀಕ. ಅದು ಒಳಗ ಮುರದ್ರ ಸಾದಾ ಡ್ರಿಲ್ಲಿನ ಬಿಟ್ ಅದರ ಮ್ಯಾಲ ಜಾರ್ತದ, ಅಷ್ಟು ಗಟ್ಟಿ ಉಕ್ಕು.

ಎರಿಮಣ್ಣು: ಸಾಕೆಟ್‌ಲೆ ಬಂತ್ರಿ ಕಾಕಾ! ಸ್ಟ್ಯಾಂಡ್ ಪಕ್ಕದ ಮನಿಯವರದು. ಹಾಕೂಮುಂದ ಆಟಿಗಿ ಗ್ರೀಸ್ ಬಳೀಲೇನು?

ಶಹಾಬಾದ್ ಕಲ್ಲು: ಬಳೀರಿ, ಮುಂದಿನ ಸಲ ಸಲೀಸ ಬರ್ತದ.

ಕೋಟಿ ಬಾಗಿಲು: ಬ್ಯಾಡ್ರಿ! ಟಾರ್ಕ್ (ತಿರುವಿ ಬಿಗಿ ಮಾಡೋ ಬಲ) ಲೆಕ್ಕ ಒಣ ಆಟಿಗಿ ಕೊಟ್ಟಿರ್ತಾರ. ಗ್ರೀಸ್ ಇದ್ರ ಅದೇ ಟಾರ್ಕಿಗಿ ಬೋಲ್ಟು ಜಾಸ್ತಿ ಜಗ್ಗತದ. ಕ್ಯಾಲಿಪರ್ ಸರಿದಾಡೋ ಪಿನ್ನಿಗಿ ಹಚ್ರಿ, ಅದೂ ಬ್ರೇಕಿನ ಗ್ರೀಸೇ ಆಗ್ಬೇಕು.

ಮಳಖೇಡದ ಮಿಸ್ತ್ರಿ: ಕೋಟಿ ಬಾಗಿಲು ಅವರು ಹೇಳೋದು ಸರಿ ಅದ. ಮೂಲಿ ಹೋದ ಬೋಲ್ಟು ಮತ್ತ ಹಾಕಬ್ಯಾಡ. ಮ್ಯಾಲಿಂದು ಹಿಡಕೊಂಡು ಅಂಗಡಿಗಿ ಹೋಗು, ಉದ್ದ, ಆಟಿ, ತಲಿ ಮ್ಯಾಲಿನ ನಂಬರ್ ಮೂರೂ ಕೂಡಬೇಕು.